ದರ್ಜಿ ಬರೆದ ಲಂಡನ್: ಜಾನ್ ಸ್ಟೋ ಮತ್ತು ಅವನ ಅಚ್ಚಾದ ಬರಹಗಳು



1598ರಲ್ಲಿ ಲಂಡನ್ನಿನ ಮುದ್ರಕ ಜಾನ್ ವುಲ್ಫ್ ಒಂದು ಪುಸ್ತಕವನ್ನು ಅಚ್ಚು ಹಾಕಿದ. ಹೆಸರು ‘ಎ ಸರ್ವೇ ಆಫ್ ಲಂಡನ್’. ಬರೆದವನಿಗೆ ಆಗ ಎಪ್ಪತ್ತು ದಾಟಿತ್ತು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಬಟ್ಟೆ ಹೊಲಿಯುವುದನ್ನು ಕಲಿತು, ದರ್ಜಿಗಳ ಸಂಘದ ಸದಸ್ಯನಾಗಿ ಬದುಕು ಶುರುಮಾಡಿದವನು. ಆ ಪುಸ್ತಕಕ್ಕೆ ಅವನಿಗೆ ಸಿಕ್ಕ ಸಂಭಾವನೆ 3 ಪೌಂಡು ಮತ್ತು 40 ಪ್ರತಿಗಳು. ಈ ನಾಲ್ಕು ಶತಮಾನಗಳಲ್ಲಿ ಲಂಡನ್ನಿನ ಬಗ್ಗೆ ಬರೆದವರು ಯಾರೇ ಇರಲಿ, ಜಾನ್ ಸ್ಟೋ ಬರೆದ ಈ ಪುಸ್ತಕವನ್ನು ಮುಟ್ಟದೆ ಮುಂದೆ ಹೋಗಲು ಅವರಿಗೆ ಆಗಿಲ್ಲ.

ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಪ್ರಾಕ್ತನ ಶೋಧಕರ ದೊಡ್ಡ ಸಾಲೊಂದು ಎದ್ದಿತು. ಜಾನ್ ಲೀಲಂಡ್, ವಿಲಿಯಂ ಲ್ಯಾಂಬರ್ಡ್, ವಿಲಿಯಂ ಕ್ಯಾಮ್‌ಡನ್ ಇವರೆಲ್ಲ ಆ ಸಾಲಿನವರು. ಲೀಲಂಡ್ ದೊರೆಯ ಆಶ್ರಯದಲ್ಲಿದ್ದ, ಲ್ಯಾಂಬರ್ಡ್ ವಕೀಲ, ಕ್ಯಾಮ್‌ಡನ್ ಲ್ಯಾಟಿನ್ನಿನಲ್ಲಿ ಬರೆದು ಯುರೋಪಿನ ಪಂಡಿತರ ಮನ್ನಣೆ ಪಡೆದ. ಸ್ಟೋ ಇಂಗ್ಲಿಷಿನಲ್ಲಿ, ತನ್ನ ಬೀದಿಯವರ ಇಂಗ್ಲಿಷಿನಲ್ಲಿ ಬರೆದ. ಅವನನ್ನೇ ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಒಂದು ಊರಿನ ನೆನಪು ಯಾರ ಸೊತ್ತು ಎಂಬ ಪ್ರಶ್ನೆಗೆ ಅವನ ಅಚ್ಚಾದ ಪುಟಗಳು ಕೊಡುವಷ್ಟು ನೇರ ಉತ್ತರವನ್ನು ಅವನ ಕಾಲದ ಇನ್ನೊಬ್ಬ ಚರಿತ್ರೆಕಾರನಲ್ಲಿ ನಾನು ಕಂಡಿಲ್ಲ.

ಸ್ಟೋ ಹುಟ್ಟಿದ್ದು 1525ರಲ್ಲಿ, ಲಂಡನ್ನಿನ ಕಾರ್ನ್‌ಹಿಲ್ ಭಾಗದಲ್ಲಿ. ಅಪ್ಪ, ಅಜ್ಜ ಇಬ್ಬರದೂ ಕೊಬ್ಬಿನಿಂದ ಮೇಣದಬತ್ತಿ ಮಾಡಿ ಮಾರುವ ಕಸುಬು. 1547ರಲ್ಲಿ ಅವನು ಮರ್ಚೆಂಟ್ ಟೇಲರ್ಸ್ ಸಂಘದ ಸದಸ್ಯನಾದ. ಅವನ ಎಳವೆಯಲ್ಲೇ ಎಂಟನೆಯ ಹೆನ್ರಿ ಕ್ರೈಸ್ತ ಮಠಗಳನ್ನು ಮುಚ್ಚಿಸಿದ. 1536ರಿಂದ 1540ರೊಳಗೆ ಇಂಗ್ಲೆಂಡಿನಲ್ಲಿ ಮಠವೆಂಬುದೇ ಇಲ್ಲವಾಯಿತು. ಜಮೀನು ಅರಮನೆಗೂ ಅರಮನೆಯ ಆಪ್ತರಿಗೂ ಹೋಯಿತು, ಗ್ರಂಥಭಂಡಾರಗಳು ಚೆಲ್ಲಾಪಿಲ್ಲಿಯಾದವು, ಕಟ್ಟಡದ ಕಲ್ಲು ಹೊಸ ಮನೆಗಳ ಗೋಡೆ ಸೇರಿತು. ಹುಡುಗ ಸ್ಟೋ ಇದೆಲ್ಲವನ್ನೂ ಕಣ್ಣಾರೆ ಕಂಡ. ಅದೇ ಅವಧಿಯಲ್ಲಿ ಊರೂ ಹಲವು ಪಟ್ಟು ಬೆಳೆಯುತ್ತ 1600ರ ಹೊತ್ತಿಗೆ ಅದರ ಜನಸಂಖ್ಯೆ ಸುಮಾರು 2 ಲಕ್ಷ ಮುಟ್ಟಿತು. ಅವನು ಬರೆದದ್ದೆಲ್ಲ ಈ ಎರಡು ಒತ್ತಡಗಳ ನಡುವೆ: ಒಂದು ಕಡೆ ಹಳೆಯದನ್ನು ಕೆಡವುವ ಕೈ, ಇನ್ನೊಂದು ಕಡೆ ಹೊಲ ಬಯಲುಗಳನ್ನು ನುಂಗುವ ಹೊಸ ಮನೆಗಳು.

ಅವನ ಮೊದಲ ಪ್ರಕಟಣೆ ಚರಿತ್ರೆಯಲ್ಲ, ಕಾವ್ಯ. 1561ರಲ್ಲಿ ಕವಿ ಚಾಸರನ ಕೃತಿಗಳ ಸಂಪುಟವೊಂದು ಅವನ ಪರಿಶ್ರಮದಿಂದ ಹೊರಬಂತು. ಹಸ್ತಪ್ರತಿ ಕಂಡರೆ ಬಿಡದ ಅಭ್ಯಾಸ ಆಗಲೇ ಹತ್ತಿಕೊಂಡಿತ್ತು. 1565ರಲ್ಲಿ ಇಂಗ್ಲೆಂಡಿನ ಚರಿತ್ರೆಯ ಸಂಗ್ರಹ ‘ಸಮ್ಮರಿ’ ಬಂತು. ಅದನ್ನು ಇನ್ನೂ ಕಿರಿದು ಮಾಡಿ, ಜೇಬಿನಲ್ಲಿ ಹಿಡಿಯುವಂಥ ಆವೃತ್ತಿಗಳನ್ನೂ ತಂದ. ಹಿಗ್ಗಿದ್ದು, ಕುಗ್ಗಿದ್ದು ಎರಡೂ ಸೇರಿ ಅವನ ಜೀವಮಾನದಲ್ಲಿ ಹತ್ತಕ್ಕೂ ಹೆಚ್ಚು ಸಲ ಅಚ್ಚಾದ ಪುಸ್ತಕವದು. ವಿದ್ವಾಂಸರು ಇದನ್ನು ಸ್ಟೋ ಮಾಡಿದ ಸಣ್ಣ ಕೆಲಸವೆಂದು ಬದಿಗಿಡುವುದುಂಟು. ನನಗೆ ಹಾಗೆ ತೋರುವುದಿಲ್ಲ. ದೊರೆಗಳ ಪಟ್ಟಿ, ಬರ, ಪ್ಲೇಗು, ಧಾನ್ಯದ ಬೆಲೆ, ಆಯಾ ವರ್ಷದ ಮೇಯರ್ ಮತ್ತು ಶೆರಿಫರ ಹೆಸರು, ಇವೆಲ್ಲ ಒಂದೇ ಕೈಪಿಡಿಯಲ್ಲಿ ಅಂಗಡಿಯವನ ಕೈಗೂ ಕೆಲಸಗಾರನ ಕೈಗೂ ಸಿಗುವಂತಾದದ್ದು ದೊಡ್ಡ ಸಂಗತಿ. ಚರಿತ್ರೆ ಬರೆಯುತ್ತಿದ್ದ ಮುದ್ರಕ ರಿಚರ್ಡ್ ಗ್ರಾಫ್ಟನ್ ಇದೇ ಬಗೆಯ ಸಂಕ್ಷಿಪ್ತ ಚರಿತ್ರೆ ತಂದಿದ್ದ. ಇಬ್ಬರೂ ಮುನ್ನುಡಿಗಳಲ್ಲೇ ಪರಸ್ಪರ ಕಟುವಾಗಿ ಜಗಳವಾಡಿದರು. ಆ ಜಗಳದಿಂದ ಒಂದು ಒಳ್ಳೆಯದಾಯಿತು: ಪ್ರತಿ ಮಾತಿಗೂ ಮೂಲ ಯಾವುದು ಎಂದು ಹುಡುಕಿ ಹೇಳಬೇಕೆಂಬ ಹಟ ಸ್ಟೋ ಮನಸ್ಸಿನಲ್ಲಿ ಬೇರೂರಿತು.

ಆ ಹಟಕ್ಕೆ ಬೆಲೆಯನ್ನೂ ತೆತ್ತ. 1569ರಲ್ಲಿ ಸರ್ಕಾರದ ಆಜ್ಞೆಯಂತೆ ಬಿಷಪ್ ಗ್ರಿಂಡಲ್ ಕಡೆಯವರು ಬಂದು ಅವನ ಮನೆಯ ಪುಸ್ತಕಗಳನ್ನೆಲ್ಲ ಜಾಲಾಡಿದರು. ಹಳೆಯ ಕ್ಯಾಥೊಲಿಕ್ ಧರ್ಮದ ಪುಸ್ತಕ ಇಟ್ಟುಕೊಂಡವನು ಶಂಕಿತನೆಂದು ಎಣಿಸುತ್ತಿದ್ದ ಕಾಲವದು. ರಾಶಿಗಟ್ಟಲೆ ಹಳೆಯ ಚರಿತ್ರೆಗಳು ಸಿಕ್ಕವು, ಮಠಗಳ ಕಾಲದ ಧಾರ್ಮಿಕ ಗ್ರಂಥಗಳೂ ಸಿಕ್ಕವು. ಪಟ್ಟಿ ಮಾಡಿಕೊಂಡು ಹೋದರು. ಇಷ್ಟಾದರೂ ಅವನು ಸಂಗ್ರಹಿಸುವುದನ್ನು ನಿಲ್ಲಿಸಲಿಲ್ಲ. ಆರ್ಚ್‌ಬಿಷಪ್ ಮ್ಯಾಥ್ಯೂ ಪಾರ್ಕರ್ ಮಧ್ಯಯುಗದ ಚರಿತ್ರೆಗಳನ್ನು ಅಚ್ಚು ಮಾಡಿಸಲು ಹೊರಟಾಗ ನೆರವಾದವರಲ್ಲಿ ಸ್ಟೋ ಕೂಡ ಒಬ್ಬ. 1576ರಲ್ಲಿ ಲೀಲಂಡನ ಪ್ರವಾಸ ಟಿಪ್ಪಣಿಗಳನ್ನು ತನ್ನ ಕೈಯಾರೆ ನಕಲು ಮಾಡಿಟ್ಟ. ಮುಂದೆ ಮೂಲಪ್ರತಿ ಅಲ್ಲಲ್ಲಿ ಹಾಳಾಯಿತು. ಇಂದು ನಾವು ಓದುವ ಲೀಲಂಡನ ಪಠ್ಯದಲ್ಲಿ ಮೂಲ ಹೋದ ಕಡೆ ತುಂಬಿರುವುದು ಸ್ಟೋ ಮಾಡಿದ ನಕಲು. 1580ರಲ್ಲಿ ‘ಕ್ರಾನಿಕಲ್ಸ್ ಆಫ್ ಇಂಗ್ಲೆಂಡ್’, 1592ರಲ್ಲಿ ‘ಅನಾಲ್ಸ್ ಆಫ್ ಇಂಗ್ಲೆಂಡ್’ ಬಂದವು. ಹಾಲಿನ್‌ಶೆಡ್ ಹೆಸರಿನ ಪ್ರಸಿದ್ಧ ಚರಿತ್ರೆಯ 1587ರ ಆವೃತ್ತಿಯಲ್ಲೂ ಅವನ ಕೈಯಿದೆ. ಎಲ್ಲಕ್ಕಿಂತ ಹಿರಿದಾದ ಇನ್ನೊಂದು ಚರಿತ್ರೆಯನ್ನು ಬರೆದಿಟ್ಟಿದ್ದ, ಅದು ಅಚ್ಚಾಗಲಿಲ್ಲ.

ಈಗ ‘ಸರ್ವೇ’ಗೆ ಬರುತ್ತೇನೆ. ಲ್ಯಾಂಬರ್ಡ್ 1576ರಲ್ಲಿ ಕೆಂಟ್ ಪ್ರಾಂತ್ಯದ ಸ್ಥಳವಿವರಣೆ ಪ್ರಕಟಿಸಿದ್ದ. ಅದೇ ದಾರಿಯಲ್ಲಿ, ಹುಟ್ಟಿದೂರಿನ ಋಣವೆಂದು, ಸ್ಟೋ ಲಂಡನ್ನನ್ನು ಕೈಗೆತ್ತಿಕೊಂಡ. ಅರ್ಪಣೆ ಯಾವ ಪ್ರಭುವಿಗೂ ಅಲ್ಲ, ಲಾರ್ಡ್ ಮೇಯರ್‌ಗೆ ಮತ್ತು ಊರಿನ ಜನಕ್ಕೆ. ಪುಸ್ತಕದ ಮೊದಲ ಭಾಗದಲ್ಲಿ ಕೋಟೆಗೋಡೆ, ನೀರಿನ ಮೂಲಗಳು, ಬಾಗಿಲುಗಳು, ಸೇತುವೆ, ಶಾಲೆಗಳು, ಆಟ ಹಬ್ಬಗಳು. ಆಮೇಲೆ ಅವನು ಪೂರ್ವದ ಅಂಚಿನಿಂದ ನಡೆಯತೊಡಗುತ್ತಾನೆ. ವಾರ್ಡು ಮುಗಿದರೆ ಮುಂದಿನ ವಾರ್ಡು, ಹೀಗೆ ನದಿಯಾಚೆಯ ಸದರ್ಕ್ ಸೇರಿ 26. ಈ ಬೀದಿಯ ಎಡಕ್ಕೆ ಇಂಥ ಚರ್ಚು, ಅದನ್ನು ಕಟ್ಟಿಸಿದವರು ಇವರು, ಒಳಗೆ ಮಲಗಿರುವವರು ಇವರು. ಮುಂದೆ ಒಂದು ಬಾವಿ. ಅದರಾಚೆ ಒಬ್ಬ ವರ್ತಕನ ಮನೆ, ಅದು ಹಿಂದೆ ಯಾರದಾಗಿತ್ತು. ನಕ್ಷೆಯೊಂದೂ ಇಲ್ಲದ ಪುಸ್ತಕ ಅದು. ಓದುವವನ ಕಾಲಿಗೆ ಮಾತ್ರ ದಾರಿ ತಪ್ಪುವುದಿಲ್ಲ.

ಅವನು ನಡೆದೇ ಬರೆದವನು. ಕುದುರೆ ಏರಿದವನಲ್ಲ, ದೂರದ ಕೆಥೆಡ್ರಲ್‌ಗಳಿಗೂ ದಾಖಲೆ ಹುಡುಕಿಕೊಂಡು ಕಾಲ್ನಡಿಗೆಯಲ್ಲೇ ಹೋಗುತ್ತಿದ್ದನೆಂದು ಅವನನ್ನು ಬಲ್ಲ ಎಡ್ಮಂಡ್ ಹೌಸ್ ಬರೆದಿದ್ದಾನೆ. ಎತ್ತರದ, ತೆಳ್ಳನೆಯ ಮೈಕಟ್ಟು, ಚಿಕ್ಕ ಹೊಳೆಯುವ ಕಣ್ಣು, ನಗುಮುಖ, ಕೊನೆಯವರೆಗೂ ಮಾಸದ ನೆನಪು. ಇದು ಹೌಸ್ ಕೊಟ್ಟ ಚಿತ್ರ.

‘ಸರ್ವೇ’ಯ ಮೊದಲ ವಾರ್ಡು ಪೋರ್ಟ್‌ಸೋಕನ್. ಅಲ್ಲಿ ಸಂತ ಕ್ಲೇರಳ ಹೆಸರಿನ ಸನ್ಯಾಸಿನಿಯರ ಮಠವಿತ್ತು, ಮಠಕ್ಕೆ ಸೇರಿದ ಹೊಲವಿತ್ತು. ಬಾಲಕನಾಗಿದ್ದಾಗ ಅಲ್ಲಿಂದ ಹಾಲು ತರುತ್ತಿದ್ದೆ ಎಂದು ಸ್ಟೋ ಹೇಳುತ್ತಾನೆ. ಬೇಸಿಗೆಯಲ್ಲಿ ಅರ್ಧ ಪೆನ್ನಿಗೆ ಮೂರು ಪೈಂಟಿಗೆ ಕಡಿಮೆಯಿಲ್ಲ, ಚಳಿಗಾಲದಲ್ಲಿ ಎರಡು ಪೈಂಟಿಗೆ ಕಡಿಮೆಯಿಲ್ಲ, ಯಾವಾಗಲೂ ಆಗತಾನೇ ಕರೆದ ನೊರೆಹಾಲು. ಆಮೇಲೆ ಆ ಹೊಲವನ್ನು ಗುಡ್‌ಮನ್ ಎಂಬಾತ ಹಿಡಿದ. ಅವನ ಮಗ ಹೊಲವನ್ನು ಮೊದಲು ಕುದುರೆ ಮೇಯಲು, ಬಳಿಕ ತುಂಡು ಮಾಡಿ ತೋಟಗಳಿಗೆ ಬಾಡಿಗೆ ಕೊಟ್ಟು ಸಾಹುಕಾರನಂತೆ ಬದುಕಿದ. ಕೆಲವೇ ವಾಕ್ಯ, ಅಷ್ಟೇ. ಆದರೆ ಮಠ ಮುಚ್ಚಿದ್ದರಿಂದ ಹಿಡಿದು ನಗರದಂಚಿನ ಭೂಮಿ ನಿವೇಶನವಾದದ್ದರವರೆಗಿನ ಆರ್ಥಿಕ ಚರಿತ್ರೆ ಪೂರ್ತಿ ಅದರೊಳಗಿದೆ. ಹಾಲಿನ ಅಳತೆ, ಬೆಲೆ ಎರಡೂ ಇದ್ದುದರಿಂದಲೇ ಆ ಚರಿತ್ರೆಗೆ ನಂಬಿಕೆ ಬಂದದ್ದು.

ಅದೇ ವಾರ್ಡಿನ ಹೌಂಡ್ಸ್‌ಡಿಚ್ ಬೀದಿಯಲ್ಲಿ ಹಾಸಿಗೆ ಹಿಡಿದ ಬಡವರಿಗೆಂದು ಕಟ್ಟಿಸಿದ ಪುಟ್ಟ ಮನೆಗಳಿದ್ದವು. ಕಿಟಕಿ ಬೀದಿಯ ಕಡೆ, ತಗ್ಗಿನಲ್ಲಿ. ಒಳಗೆ ಮಲಗಿದವರು ದಾರಿಹೋಕರಿಗೆ ಕಾಣಬೇಕು. ಕಿಟಕಿಯಲ್ಲಿ ಒಗೆದ ಬಿಳಿ ಬಟ್ಟೆ ಹಾಸಿ, ಮೇಲೊಂದು ಜಪಮಾಲೆ ಇಡುತ್ತಿದ್ದರು: ಇಲ್ಲಿರುವ ಜೀವಕ್ಕೆ ಪ್ರಾರ್ಥನೆ ಬಿಟ್ಟು ಬೇರೇನೂ ಕೈಲಾಗದು ಎಂಬುದಕ್ಕೆ ಗುರುತು. ಶುಕ್ರವಾರ ಶುಕ್ರವಾರ ಭಕ್ತರು ಆ ದಾರಿಯಲ್ಲೇ ನಡೆದು ಭಿಕ್ಷೆ ಹಾಕುತ್ತಿದ್ದರು. ಜಪಮಾಲೆಯೇ ಸಂಶಯದ ವಸ್ತುವಾಗಿದ್ದ, ಅವನ ಮನೆಯನ್ನೇ ಒಮ್ಮೆ ಜಾಲಾಡಿದ್ದ ಆ ಕಾಲದಲ್ಲಿ ಈ ಮಾತುಗಳನ್ನು ಅಚ್ಚಿಗೆ ಕೊಡಲು ಎದೆ ಬೇಕಿತ್ತು. ಸ್ಟೋ ಹಳೆಯ ಧರ್ಮ ಮರಳಲಿ ಎಂದು ಎಲ್ಲೂ ವಾದಿಸುವುದಿಲ್ಲ. ಬಡವರ ಕಿಟಕಿ ಹೇಗಿತ್ತು ಎಂದು ಹೇಳಿ ಮುಂದಿನ ಮನೆಗೆ ಹೋಗುತ್ತಾನೆ.

ಆಲ್ಡ್‌ಗೇಟ್ ವಾರ್ಡಿನಲ್ಲಿ ಎರಡು ಪ್ರಸಂಗಗಳಿವೆ. ಎರಡರಲ್ಲೂ ಒಬ್ಬನೇ ಪಾದ್ರಿ ಬರುತ್ತಾನೆ. ಅಲ್ಲಿನ ಸೇಂಟ್ ಆಂಡ್ರೂ ಚರ್ಚಿನ ಮುಂದೆ ಹಿಂದೆ ಮೇ ಹಬ್ಬಕ್ಕೆ ಎತ್ತಿ ನಿಲ್ಲಿಸುತ್ತಿದ್ದ ಕಂಬ ಚರ್ಚಿನ ಗೋಪುರಕ್ಕಿಂತ ಎತ್ತರವಿತ್ತು. ಚರ್ಚಿಗೆ ‘ಅಂಡರ್‌ಶಾಫ್ಟ್’, ಅಂದರೆ ಕಂಬದ ಕೆಳಗಿನದು, ಎಂಬ ಹೆಸರು ಬಂದದ್ದು ಅದರಿಂದ. 1517ರ ಮೇ ದಿನದ ಗಲಭೆಯ ನಂತರ ಅದನ್ನು ಎತ್ತಲಿಲ್ಲ. ಸಾಲು ಮನೆಗಳ ಬಾಗಿಲ ಮೇಲೆ ಕಬ್ಬಿಣದ ಕೊಕ್ಕೆಗಳಿಗೆ ತೂಗುಹಾಕಿದ್ದರು. ಮೂವತ್ತೆರಡು ವರ್ಷ ಹಾಗೇ ಇತ್ತು. 1549ರಲ್ಲಿ ಸ್ಟೀಫನ್ ಎಂಬ ಕಿರಿಯ ಪಾದ್ರಿ ಪಾಲ್ಸ್ ಕ್ರಾಸ್ ಎಂಬ ಬಯಲು ಉಪದೇಶ ವೇದಿಕೆಯಲ್ಲಿ ಉಪದೇಶ ಮಾಡುತ್ತ ಆ ಕಂಬವನ್ನು ವಿಗ್ರಹ ಎಂದು ಸಾರಿದ. ಅವತ್ತು ಮಧ್ಯಾಹ್ನವೇ ಅಕ್ಕಪಕ್ಕದವರು ಕಂಬ ಇಳಿಸಿ, ತಂತಮ್ಮ ಬಾಗಿಲ ಅಗಲದಷ್ಟು ತುಂಡು ಗರಗಸದಿಂದ ಕೊಯ್ದುಕೊಂಡು ಸುಟ್ಟರು. ಉಪದೇಶವನ್ನು ತಾನೇ ಕೇಳಿಸಿಕೊಂಡೆ ಎಂದು ಸ್ಟೋ ಬರೆಯುತ್ತಾನೆ.

ಅದೇ ವರ್ಷ ಎಸೆಕ್ಸ್ ಮುಂತಾದ ಕಡೆ ದಂಗೆಗಳೆದ್ದಿದ್ದವು. ರಾಮ್‌ಫರ್ಡ್ ಊರಿನ ಅಧಿಕಾರಿ, ಅಲ್ಲಿನ ಬೈಲಿಫ್, ಲಂಡನ್ನಿಗೆ ಬಂದಾಗ ಇದೇ ಪಾದ್ರಿ, ನಿಮ್ಮ ಕಡೆ ಏನು ಸುದ್ದಿ ಎಂದು ವಿಚಾರಿಸಿದ. ಎಸೆಕ್ಸಿನಲ್ಲಿ ಜನ ಎದ್ದಿದ್ದಾರಂತೆ, ದೇವರ ದಯೆ, ನಮ್ಮ ಸುತ್ತ ಎಲ್ಲ ಶಾಂತವಾಗಿದೆ ಎಂದ ಆ ಬಡಪಾಯಿ. ಇಷ್ಟು ಮಾತಿಗೆ ಅವನನ್ನು ನೇಣು ಹಾಕಿದರು. ನೇಣುಗಂಬ ನಿಲ್ಲಿಸಿದ್ದು ಆಲ್ಡ್‌ಗೇಟಿನ ಬಾವಿಯ ಬಳಿ, ಸ್ಟೋ ಆಗ ವಾಸವಿದ್ದ ಮನೆಯ ಬಾಗಿಲಲ್ಲೇ. ಏಣಿಯ ಮೇಲೆ ನಿಂತು, ನಾನು ಆಡಿದ್ದು ಇಷ್ಟೇ ಎಂದು ಅವನು ಹೇಳಿದ ಮಾತು ಸ್ಟೋ ಕಿವಿಗೆ ಬಿತ್ತು. ಪಾದ್ರಿ ಜನರ ಕೋಪಕ್ಕೆ ಹೆದರಿ ಊರು ಬಿಟ್ಟ. ಸರ್ಕಾರದ ಕಡತದಲ್ಲಿ ಅಂಥ ಸಾವು ಉಳಿದರೆ ದಂಗೆಕೋರನ ಸಾವು ಎಂದು ಉಳಿಯಬಹುದಿತ್ತು. ಆ ಮನುಷ್ಯನ ಕೊನೆಯ ಮಾತು ಉಳಿದದ್ದು ಆ ಮನೆಯ ಇಪ್ಪತ್ತನಾಲ್ಕರ ದರ್ಜಿ ಅರ್ಧ ಶತಮಾನ ಅದನ್ನು ಮರೆಯದೆ ಕಾಪಾಡಿ ಅಚ್ಚಿಗೆ ಕೊಟ್ಟದ್ದರಿಂದ. ಈ ಪುಟ ಓದಿದ ಮೇಲೆ ನಾನು ಸ್ಟೋ ಎಂಬ ಹೆಸರನ್ನು ಬೇರೆ ಗೌರವದಿಂದ ಹೇಳುತ್ತೇನೆ.

ಇನ್ನೊಂದು ಪ್ರಸಂಗ ಥಾಮಸ್ ಕ್ರಾಮ್‌ವೆಲ್‌ನದು. ಹೆನ್ರಿಯ ಪ್ರಬಲ ಮಂತ್ರಿ ಕ್ರಾಮ್‌ವೆಲ್ ಥ್ರಾಗ್‌ಮಾರ್ಟನ್ ಬೀದಿಯಲ್ಲಿ ಮನೆ ಕಟ್ಟಿಸಿದ. ತೋಟ ಸಾಲಲಿಲ್ಲ. ಸುತ್ತಲಿನ ನೆರೆಯವರ ಬೇಲಿಗಳನ್ನು ಕೀಳಿಸಿ, ಉತ್ತರಕ್ಕೆ 22 ಅಡಿ ಅಳೆದು ಗೆರೆ ಎಳೆಸಿ, ತಳಪಾಯ ತೋಡಿಸಿ ಎತ್ತರದ ಗೋಡೆ ಹಾಕಿಸಿದ. ಅಲ್ಲಿ ಸ್ಟೋ ತಂದೆಯ ತೋಟವಿತ್ತು, ಬೇಲಿಗೆ ತಾಗಿ ಒಂದು ಮನೆಯೂ ಇತ್ತು. ಆ ಮನೆಯನ್ನು ಬುಡದಿಂದ ಬಿಡಿಸಿ, ಉರುಳೆಗಳ ಮೇಲಿಟ್ಟು, 22 ಅಡಿ ತೋಟದೊಳಕ್ಕೆ ತಳ್ಳಿದರು. ಮುನ್ಸೂಚನೆ ಇಲ್ಲ. ಕೇಳಿದ್ದಕ್ಕೆ, ಧಣಿಗಳ ಅಪ್ಪಣೆ ಎಂಬ ಉತ್ತರ. ಯಾರೂ ಎದುರಾಡಲಿಲ್ಲ. ಅರ್ಧ ಜಾಗ ಹೋದರೂ ತಂದೆ ಪೂರ್ತಿ ಬಾಡಿಗೆ ಕಟ್ಟುತ್ತ ಬಂದ. ಇದನ್ನು ನಾನು ಸ್ವತಃ ಬಲ್ಲೆ, ಹಠಾತ್ತನೆ ಮೇಲೇರಿದವರು ತಮ್ಮನ್ನು ಮರೆಯುವ ಬಗೆ ತಿಳಿಯಲೆಂದು ದಾಖಲಿಸುತ್ತಿದ್ದೇನೆ ಎಂಬ ಅರ್ಥದ ಎರಡು ಮಾತು ಸೇರಿಸಿ ಸ್ಟೋ ನಿಲ್ಲಿಸುತ್ತಾನೆ. 1540ರಲ್ಲಿ ಕ್ರಾಮ್‌ವೆಲ್ ತಲೆ ಉರುಳಿತು, ಆ ಮನೆಯನ್ನು ಬಟ್ಟೆ ವರ್ತಕರ ಸಂಘ ಕೊಂಡಿತು.

ತಾನು ಕಂಡದ್ದು, ಕೇಳಿದ್ದು, ದಾಖಲೆಯಲ್ಲಿ ಓದಿದ್ದು, ಈ ಮೂರನ್ನೂ ಅವನು ಬೆರೆಸುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಲಂಡನ್ನಿನ ಲಾಂಛನದಲ್ಲಿರುವ ಚಿಕ್ಕ ಖಡ್ಗ 1381ರಲ್ಲಿ ಮೇಯರ್ ವಾಲ್ವರ್ತ್ ರೈತ ನಾಯಕ ವಾಟ್ ಟೈಲರನನ್ನು ಇರಿದ ಆಯುಧ ಎಂದು ಊರಿಗೆ ಊರೇ ನಂಬಿತ್ತು. ಆ ಘಟನೆಗೆ ಮೊದಲೇ ಖಡ್ಗ ಲಾಂಛನದಲ್ಲಿತ್ತು, ಅದು ಸಂತ ಪೌಲನ ಖಡ್ಗ ಎಂದು ಸ್ಟೋ ದಾಖಲೆಯಿಂದ ತೋರಿಸಿದ. ಪೌಲನ ಕೆಥೆಡ್ರಲ್‌ನಲ್ಲಿ ಡ್ಯೂಕ್ ಹಂಫ್ರಿಯದೆಂದು ಜನ ನಂಬಿದ್ದ ಸಮಾಧಿ ಅವನದಲ್ಲ, ಹಂಫ್ರಿ ಮಲಗಿರುವುದು ಸೇಂಟ್ ಆಲ್ಬನ್ಸ್‌ನಲ್ಲಿ ಎಂದ. ಊರನ್ನು ಇಷ್ಟು ಪ್ರೀತಿಸುವವನು ಊರ ಕಥೆಯನ್ನು ಒಡೆಯಲು ಹಿಂಜರಿಯಲಿಲ್ಲ.

‘ಸರ್ವೇ’ಯ ಎಷ್ಟೋ ಪುಟಗಳು ಚರ್ಚುಗಳಲ್ಲಿ ಮಣ್ಣಾದವರ ಹೆಸರುಗಳ ಪಟ್ಟಿ. ಬೇಸರವೆಂದು ಅನೇಕರು ಹಾರಿಸುವ ಭಾಗವಿದು. ಆದರೆ ಸ್ಟೋ ತನ್ನ ನ್ಯಾಯಪೀಠವನ್ನು ಹೂಡಿರುವುದು ಅಲ್ಲೇ. ಗ್ರೇ ಫ್ರಯರ್ಸ್ ಮಠದ ಚರ್ಚಿನಲ್ಲಿ ಕಬ್ಬಿಣದ ಕಟಕಟೆಯಿದ್ದ ಹತ್ತು ಸಮಾಧಿಗಳನ್ನೂ 140 ಅಮೃತಶಿಲೆಯ ಗೋರಿಗಲ್ಲುಗಳನ್ನೂ ಕಿತ್ತು ಸುಮಾರು 50 ಪೌಂಡಿಗೆ ಮಾರಿದರು. ಮಾರಿದವನ ಹೆಸರು ಸರ್ ಮಾರ್ಟಿನ್ ಬೋಸ್, ಅಕ್ಕಸಾಲಿಗ, ಆಲ್ಡರ್‌ಮನ್ ಎಂದು ಸ್ಟೋ ಬರೆದೇಬಿಟ್ಟ. ಗೋರಿಯಿಂದ ಅಳಿಸಿಹೋದ ಹೆಸರುಗಳನ್ನು ಹಳೆಯ ದಾಖಲೆಗಳಿಂದ ಹೆಕ್ಕಿ ಒಂದೊಂದಾಗಿ ಮತ್ತೆ ಕೂರಿಸಿದ. ಹೊಸದಾಗಿ ಎದ್ದ ಎಷ್ಟೋ ಭಾರಿ ಸ್ಮಾರಕಗಳನ್ನು ಮಾತ್ರ ಹೆಸರಿಸಲೇ ಇಲ್ಲ. ಕಾರಣವನ್ನು ಅವನ ಬಾಯಿಂದಲೇ ಕೇಳಿದ ಕಾನೂನು ವಿದ್ಯಾರ್ಥಿ ಜಾನ್ ಮ್ಯಾನಿಂಗ್‌ಹ್ಯಾಂ 1602ರ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಆ ಹೊಸ ಸ್ಮಾರಕಗಳವರು ಇತರರ ಸ್ಮಾರಕಗಳನ್ನು ಕೆಡಿಸಿದವರು. ಇತರರಿಂದ ಕಸಿದ ನೆನಪು ಇವರಿಗೂ ದಕ್ಕಬಾರದು. ನಾನು ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಸ್ಟೋ ಕೊಟ್ಟ ಉತ್ತರ ಇದು. ನೆನಪು ಹಣ ಕೊಟ್ಟವನ ಸೊತ್ತಲ್ಲ, ಕಲ್ಲು ನಿಲ್ಲಿಸಿದವನ ಸೊತ್ತೂ ಅಲ್ಲ. ಅದು ಅಲ್ಲಿ ಬದುಕಿ ಸತ್ತವರೆಲ್ಲರದು, ಕಸಿದವನಿಗೆ ಅದರಲ್ಲಿ ಪಾಲಿಲ್ಲ.

ಅವನಿಗೆ ಕಾಣದೇ ಹೋದದ್ದೂ ಉಂಟು. 1590ರ ದಶಕದಲ್ಲಿ ಷೇಕ್ಸ್‌ಪಿಯರ್ ವಾಸವಿದ್ದ ಸೇಂಟ್ ಹೆಲೆನ್ಸ್ ಪ್ಯಾರಿಷ್ ಸ್ಟೋ ಕಾಲಿಗೆ ಕೆಲವೇ ನಿಮಿಷದ ದಾರಿ. ಕವಿಯ ಹೆಸರು ‘ಸರ್ವೇ’ಯಲ್ಲಿಲ್ಲ. ‘ಥಿಯೇಟರ್’, ‘ಕರ್ಟನ್’ ಎಂಬ ಎರಡು ನಾಟಕಶಾಲೆಗಳ ಹೆಸರು 1598ರ ಆವೃತ್ತಿಯಲ್ಲಿತ್ತು, 1603ರ ಆವೃತ್ತಿಯಲ್ಲಿ ಅದನ್ನೂ ತೆಗೆದ. ಬೆಳೆಯುವ ಲಂಡನ್ನಿನ ಬಗ್ಗೆ ಅವನಿಗೆ ಅಸಮಾಧಾನವೇ ಹೆಚ್ಚು. ಎಲ್ಮ್ ಮರಗಳ ಬೇಲಿಸಾಲಿನ ಹಾಗ್ ಲೇನ್ ನಲವತ್ತು ವರ್ಷದಲ್ಲಿ ಗುಡಿಸಲುಗಳಿಂದ ತುಂಬಿದ್ದು, ಕಿರಿದಾದ ಬೀದಿಗಳಲ್ಲಿ ಗಾಡಿಗಳು ನುಗ್ಗುವುದು ಅವನನ್ನು ನೋಯಿಸುತ್ತದೆ. ವಲಸೆ ಬಂದ ಬಡವರಿಗೂ ಆ ಗುಡಿಸಲುಗಳೇ ಮನೆಯಾದವು ಎಂಬುದು ಅವನ ಲೆಕ್ಕಕ್ಕೆ ಬರಲಿಲ್ಲ. ಇದು ಕೊರತೆಯೇ. ಹಾಗೆಂದು ಅವನು ಕೊಟ್ಟದ್ದರ ತೂಕ ಇಳಿಯುವುದಿಲ್ಲ.

ಇಷ್ಟೆಲ್ಲ ಪ್ರಕಟಿಸಿದವನು ಬಡವನಾಗಿಯೇ ಉಳಿದ. ದರ್ಜಿಗಳ ಸಂಘ 1579ರಿಂದ ವರ್ಷಕ್ಕೆ 4 ಪೌಂಡು ಕೊಡುತ್ತಿತ್ತು. 1604ರಲ್ಲಿ ದೊರೆ ಒಂದನೆಯ ಜೇಮ್ಸ್, ನಲವತ್ತೈದು ವರ್ಷಗಳ ಈತನ ಸೇವೆಯನ್ನು ಮನ್ನಿಸಿ ಒಂದು ಪರವಾನಗಿ ಹೊರಡಿಸಿದ: ಜನರಿಂದ ಸ್ವಇಚ್ಛೆಯ ಕಾಣಿಕೆ ಎತ್ತಬಹುದು. ಅಂದರೆ ಭಿಕ್ಷೆಗೆ ಅನುಮತಿ. ಸೇಂಟ್ ಮೇರಿ ವುಲ್ನಾತ್ ಪ್ಯಾರಿಷ್‌ನಲ್ಲಿ ಕೂಡಿದ ಹಣ 7 ಶಿಲಿಂಗ್ 6 ಪೆನ್ಸ್. ಒಮ್ಮೆ ಅವನೊಡನೆ ನಡೆದುಹೋಗುತ್ತಿದ್ದಾಗ ಎದುರಿಗೆ ಇಬ್ಬರು ಕುಂಟ ಭಿಕ್ಷುಕರು ಸಿಕ್ಕರೆಂದೂ, ನಿಮ್ಮ ಪಂಗಡಕ್ಕೆ ನನ್ನನ್ನು ಸೇರಿಸಿಕೊಳ್ಳಲು ಏನು ಕೇಳುತ್ತೀರಿ ಎಂದು ಸ್ಟೋ ಅವರನ್ನು ವಿಚಾರಿಸಿದನೆಂದೂ ನಾಟಕಕಾರ ಬೆನ್ ಜಾನ್ಸನ್ ಗೆಳೆಯನಿಗೆ ಹೇಳಿದ್ದಾನೆ. ಊರಿನ ಪ್ರತಿ ಕಲ್ಲಿಗೂ ಹೆಸರು ಕೊಟ್ಟವನಿಗೆ ಆ ಊರು ಮಾಡಿದ್ದು ಇಷ್ಟು. ಇದನ್ನು ನೋವಿಲ್ಲದೆ ಹೇಳಲು ನನಗಾಗದು.

1605ರ ಏಪ್ರಿಲ್‌ನಲ್ಲಿ ಅವನು ತೀರಿಕೊಂಡ. ಸೇಂಟ್ ಆಂಡ್ರೂ ಅಂಡರ್‌ಶಾಫ್ಟ್ ಚರ್ಚಿನಲ್ಲಿ ಹೆಂಡತಿ ಎಲಿಜಬೆತ್ ನಿಲ್ಲಿಸಿದ ಪ್ರತಿಮೆಯಿದೆ. ಮೇಜಿನ ಮುಂದೆ ಕೂತು ಬರೆಯುತ್ತಿರುವ ಆಕೃತಿ. ಕೈಯಲ್ಲಿರುವುದು ನಿಜವಾದ ಗರಿಯ ಲೇಖನಿ; ಈಗ ಮೂರು ವರ್ಷಕ್ಕೊಮ್ಮೆ ಅದನ್ನು ಸಮಾರಂಭ ನಡೆಸಿ ಬದಲಿಸುತ್ತಾರೆ. ಆ ಚರ್ಚು ಲೆಡನ್‌ಹಾಲ್ ಬೀದಿಯಲ್ಲಿದೆ. ಈಸ್ಟ್ ಇಂಡಿಯಾ ಕಂಪನಿಯ ಕೇಂದ್ರ ಕಚೇರಿ ಇದ್ದದ್ದೂ ಅದೇ ಬೀದಿಯಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಸಾಗಿಸಿದ ಟಿಪ್ಪುವಿನ ಮರದ ಹುಲಿಯನ್ನು 1808ರಿಂದ ಜನರ ನೋಟಕ್ಕೆ ಇಟ್ಟದ್ದು ಅಲ್ಲೇ. ಮಾರಿಹೋದ ಗೋರಿಗಲ್ಲುಗಳ ಲೆಕ್ಕ ಬರೆದವನ ಸಮಾಧಿಗೂ ನಮ್ಮ ನೆಲದ ಆ ಕೊಳ್ಳೆಗೂ ನಡುವೆ ಇದ್ದದ್ದು ಬೀದಿಯ ಸ್ವಲ್ಪ ದೂರ ಎಂಬುದನ್ನು ಕನ್ನಡದ ಓದುಗ ನೆನೆಯದೆ ಇರಲಾರ.

‘ಸರ್ವೇ’ಯನ್ನು ಮುಂದೆ ಆಂಥನಿ ಮಂಡೇ 1618ರಲ್ಲೂ, ಮತ್ತೆ ಇತರರೊಡನೆ ಸೇರಿ 1633ರಲ್ಲೂ ಹಿಗ್ಗಿಸಿದ. ಸ್ಟೋ ಬೇಕೆಂದೇ ಬಿಟ್ಟಿದ್ದ ಬಗೆಯ ಸ್ಮಾರಕಬರಹಗಳು ಅದರಲ್ಲಿ ಧಾರಾಳವಾಗಿ ಒಳಗೆ ಬಂದವು. 1666ರ ಮಹಾ ಬೆಂಕಿಯಲ್ಲಿ 87 ಪ್ಯಾರಿಷ್ ಚರ್ಚುಗಳು ಸುಟ್ಟವು. ಅವುಗಳ ಒಳಗೆ ಏನಿತ್ತು, ಯಾರಿದ್ದರು ಎಂದು ಹುಡುಕುವವರಿಗೆ ಅಂದಿನಿಂದ ಈ ಪುಸ್ತಕವೇ ಮೊದಲ ಆಸರೆ. 1720ರಲ್ಲಿ ಜಾನ್ ಸ್ಟ್ರೈಪ್ ಅದನ್ನು ಎರಡು ಬೃಹತ್ ಸಂಪುಟಗಳಾಗಿ ಬೆಳೆಸಿದ. ಉಪಯುಕ್ತ ಸಂಪುಟಗಳು, ಆದರೆ ಹೊಸದರ ರಾಶಿಯಲ್ಲಿ ಹಳೆಯ ದರ್ಜಿಯ ದನಿ ಮುಚ್ಚಿಹೋಗುತ್ತದೆ.

ಆದ್ದರಿಂದ ಓದಬಯಸುವ ವಿದ್ಯಾರ್ಥಿಗಳು 1908ರಲ್ಲಿ ಸಿ. ಎಲ್. ಕಿಂಗ್ಸ್‌ಫರ್ಡ್ ಎರಡು ಸಂಪುಟಗಳಲ್ಲಿ ಸಂಪಾದಿಸಿದ ಆವೃತ್ತಿಯನ್ನೇ ಹಿಡಿಯಬೇಕು. ಸ್ಟೋ ಕೈಯಾರೆ ತಿದ್ದಿದ 1603ರ ಪಠ್ಯ ಅದರಲ್ಲಿದೆ, 1598ರಿಂದ ಬದಲಾದದ್ದೇನು ಎಂಬುದೂ ಜೊತೆಗಿದೆ. ಆರಂಭದ ದಂತಕಥೆಗಳ ಪುಟಗಳನ್ನು ಸದ್ಯಕ್ಕೆ ಬಿಟ್ಟು ನೇರವಾಗಿ ಪೋರ್ಟ್‌ಸೋಕನ್ ವಾರ್ಡಿನಿಂದ ಶುರುಮಾಡಿ. ಹಾಲಿನ ಹೊಲ, ಹಾಗ್ ಲೇನ್, ಹೌಂಡ್ಸ್‌ಡಿಚ್ ಮೂರೂ ಆ ಒಂದೇ ಅಧ್ಯಾಯದಲ್ಲಿವೆ. ಅಲ್ಲಿಂದ ಆಲ್ಡ್‌ಗೇಟಿಗೆ ಅವನೇ ಕರೆದುಕೊಂಡು ಹೋಗುತ್ತಾನೆ.